ಗುಳಿಗಿ ಹೆಚ್ಚಾಗ್ಯಾವ

ಸಿಂದಗಿಯ ನಮ್ಮ ಸೋದರತ್ತೆಯ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಅಕ್ಕಿ ತೀರಿದರೆ ‘ಹೆಚ್ಚಾಗ್ಯಾವ’. ಬಳೆ ಒಡೆದರೆ ‘ಬಳಿ ಹೆಚ್ಚಿದವು’. ಕೆಟ್ಟ ಮಾತು ಬಾಯಲ್ಲಿ ಬರಬಾರದಂತೆ. ಹಾಗಂದರೆ ಡಬ್ಬಿ ತುಂಬುತ್ತದೆಯೇ? (ಕಾಲೇಜಿನ ಡಿಬೇಟುಗಳು ಕೆಡಿಸಿದ ಮನುಷ್ಯ ನಾನು. ಮೊದಲು ಪದದ ಅರ್ಥ ಇತ್ಯರ್ಥವಾಗಲಿ ಅನ್ನುವುದು ನನ್ನ ಚಟ.)

ಹೋದ ವಾರ ಅಲ್ಲಿಗೆ ಹೋಗಿದ್ದೆ. ಅತ್ತೆಯ ಗಂಡ, ನಮ್ಮ ಮಾಮಾ, ನಿವೃತ್ತ ಮಾಸ್ತರು, ಎದೆನೋವಿನ ಮನುಷ್ಯ. ಬೆಳಿಗ್ಗೆಯೇ ಖುಷಿಯಲ್ಲಿದ್ದರು. “ಇವತ್ತ ಸಂತಿ, ಬಳಿ, ಪಿಚ್ಚರ್. ನಡೀರಿ!”

ಚಪ್ಪಲಿ ಮೆಟ್ಟುತ್ತ ಅತ್ತೆ ನನ್ನ ಕಿವಿಯಲ್ಲಿ ಅಂದಳು: “ತಮ್ಮಾ, ಅವರ ಗುಳಿಗಿ ಹೆಚ್ಚಾಗ್ಯಾವ.”

ಸರಿ, ಖಾಲಿಯಾಗಿವೆ. ಅರ್ಥ ಗೊತ್ತಿರುವ ಜಾಣ ನಾನು.

ಗಿರಣಿಯಲ್ಲಿ ಜೋಳ ಇಟ್ಟೆವು. ಬಳೆ ಅಂಗಡಿಯಲ್ಲಿ ಮಾಮಾ ತಾವೇ ಕೂತು ಹಸಿರು ಬಳೆ ಆರಿಸಿದರು. “ಇನ್ನೊಂದ್ ಡಜನ್ ಏರಸ್ರಿ, ಕೈ ತುಂಬ್ಲಿ.” ಅಷ್ಟರಲ್ಲಿ ನಾನು ಮೆಡಿಕಲ್‌ಗೆ ಓಡಿದೆ. ಮಾಮಾನ ಹೆಸರು ಹೇಳಿದ್ದೇ ಅಂಗಡಿಯವ ಗುಳಿಗೆ ತೆಗೆದ. “ಮಾಸ್ತರು ಭಾಳ ದಿನಾ ಆತ್ರಿ, ಈ ಕಡಿ ಬಂದಿಲ್ಲ.”

ಆಗಲೂ ನನಗೆ ಹೊಳೆಯಲಿಲ್ಲ.

ಹಾಸ್ಯದ ಸಿನಿಮಾ. ಮಾಮಾ ಕಣ್ಣೀರು ಬರುವಂತೆ ನಕ್ಕರು. ಅತ್ತೆ ಪರದೆ ನೋಡಲೇ ಇಲ್ಲ, ಅವರನ್ನೇ ನೋಡುತ್ತಿದ್ದಳು. ಇಂಟರ್ವಲ್‌ನಲ್ಲಿ ಅವರು ಚುರುಮುರಿ ತರಲು ಎದ್ದರು. ನಾನು ಗುಳಿಗೆ ಅತ್ತೆಯ ಕೈಗಿಟ್ಟೆ.

“ಇವ್ಯಾಕ ತಂದಿ?”

“ನೀನ ಅಂದೆಲ್ಲ, ಹೆಚ್ಚಾಗ್ಯಾವ ಅಂತ.”

“ಹೌದಪಾ. ಹೆಚ್ಚ ಆಗ್ಯಾವ. ಡಬ್ಬಿ ತುಂಬ ಹಂಗ ಬಿದ್ದಾವ. ನುಂಗೂದು ಬಿಟ್ಟಾರ.” ಗುಳಿಗೆಯನ್ನು ನನ್ನ ಕೈಗೇ ಮರಳಿಸಿದಳು. “ನೀ ವಾದಾ ಮಾಡಾಂವ. ಒಮ್ಮಿ ಅವರ ಕೂಡನೂ ಮಾಡು.”

ಅವಳು ಜನ್ಮದಲ್ಲಿ ಮೊದಲ ಸಲ ಆ ಪದವನ್ನು ನೇರ ಅರ್ಥದಲ್ಲಿ ಬಳಸಿದ್ದಳು. ನಾನೇ ತಿರುಚಿ ಕೇಳಿಸಿಕೊಂಡಿದ್ದೆ.

ವಾದ ಮಾಡಿದೆ. ಹಿಟ್ಟಿನ ಚೀಲ ಹೊತ್ತು ಬರುವಾಗ, ಅತ್ತೆ ಮುಂದೆ ನಡೆದಾಗ. “ಗುಳಿಗಿ ಯಾಕ ಬಿಟ್ರಿ ಮಾಮಾ? ಡಾಕ್ಟರ್‌ಗೆ ಹೇಳಿ ಬದಲಿ ಮಾಡಸೂಣು.”

“ಬದಲಿ ಮಾಡಿ ಮಾಡಿ ಅವರಿಗೂ ಸಾಕಾಗೇತಿ, ವಕೀಲ್ರ.” ನಕ್ಕರು. “ನುಂಗಿದ್ರ ಇಡೀ ದಿನಾ ಮಂಪರು. ಕುಂತಲ್ಲೇ ತೂಕಡಿಕಿ. ಇವತ್ತ ಪೂರಾ ಪಿಚ್ಚರ್ ನೋಡಿದೆ. ಆಕಿ ಕೈಯಾಗ ಬಳಿ ಏರೂದು ನೋಡಿದೆ. ಇದಕ್ಕೇನಂತಿ?”

ಬದುಕಿದರೆ ತಾನೇ ನೋಡುವುದು ಅನ್ನಬಹುದಿತ್ತು. ಸುಲಭದ ಪಾಯಿಂಟು. ಆದರೆ ಮುಂದೆ ಅತ್ತೆ ಹೆಜ್ಜೆ ನಿಧಾನ ಮಾಡಿದ್ದಳು, ಕೇಳಿಸಿಕೊಳ್ಳಲು. ನಾನು ಹಿಟ್ಟಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡೆ. ಅವಳು ಮತ್ತೆ ಬಿರಬಿರನೆ ನಡೆದಳು, ಬಳೆ ಸದ್ದು ಮಾಡುತ್ತ.

ಕೈತುಂಬ ಹಸಿರು ಬಳೆ. ಅವು ‘ಹೆಚ್ಚುವ’ ದಿನ ಬಂದರೆ, ಪದದ ಅರ್ಥ ಏನೆಂದು ಅವಳನ್ನು ಯಾವ ಬಾಯಿಂದ ಕೇಳಲಿ?