ಮನೆ ನನ್ನದು, ಮೂಟೆ ನನ್ನದು

ರಾಯದುರ್ಗದಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ ನಾನು ಹೇಳುತ್ತಿದ್ದ ಮಾತೊಂದಿತ್ತು: ಖಾಲಿ ಮೂಲೆಯನ್ನೂ ಚೌಕಾಸಿಗೆ ಇಡಿ. ಮಡಕಶಿರದ ಕಡೆಯ ಹೆಣ್ಣುಮಗಳೊಬ್ಬರು ಜೀನ್ಸ್ ಪ್ಯಾಂಟು ಹೊಲಿಯಲೆಂದು ನಮ್ಮ ಮನೆಯ ಹಿಂಬದಿಯ ಬಾಡಿಗೆ ಮನೆಗೆ ಬಂದಾಗ ನಾನೂ ಹಾಗೇ ಮಾಡಿದೆ. ಬಾಡಿಗೆ ಸ್ವಲ್ಪ ಇಳಿಸಿ, ನನ್ನ ಜೀನ್ಸ್ ಕಟಿಂಗ್ ಅಂಗಡಿಯಲ್ಲಿ ಉಳಿದ ಚಿಂದಿ ಮೂಟೆಗಳನ್ನು ಅವರ ಅಡುಗೆಮನೆಯ ಮೂಲೆಗೆ ಹಾಕಿಸಿದೆ. ಇಬ್ಬರಿಗೂ ಲಾಭ ಎಂದುಕೊಂಡೆ.

ಎರಡು ತಿಂಗಳಿಗೆ ಅವರು ಬಂದರು. “ಅಣ್ಣ, ಮೋರಿ ಕಡೆ ಗೋಡೇಲಿ ತೂತು ಬಿದ್ದೈತೆ. ಹೆಗ್ಗಣ ಓಡಾಡ್ತವೆ.”

“ಒಂದು ಬೆಕ್ಕು ಸಾಕ್ರಿ ಅಕ್ಕಾ,” ಎಂದೆ. ಸಲಹೆಗೆ ಖರ್ಚಿಲ್ಲವಲ್ಲ.

ಮತ್ತೆ ಬಂದರು. “ನೀವು ಹೇಳಿದ ಬೆಕ್ಕು ಹೆಗ್ಗಣ ನೋಡಿ ಮಿಷಿನ್ ಮೇಲೆ ಹತ್ತಿ ಕೂತ್ಕಂತು ಕಣಣ್ಣ.”

ನಕ್ಕು ಕಳಿಸಿದೆ.

ಮೂರನೆಯ ಸಲ ಅವರು ನನ್ನ ಹತ್ತಿರ ಬರಲಿಲ್ಲ, ಆಸ್ಪತ್ರೆಗೆ ಹೋದರು. ಮೂಟೆ ಸರಿಸಿ ರಾಗಿ ಚೀಲ ಎಳೆಯುವಾಗ ಹೆಗ್ಗಣ ಬಲಗೈಯ ತೋರುಬೆರಳನ್ನು ಕಚ್ಚಿತ್ತು. ಸೂಜಿಯ ಕೆಳಗೆ ಬಟ್ಟೆ ನಡೆಸುವ ಬೆರಳು ಅದು. ಇಂಜೆಕ್ಷನ್ ಆದರೂ ಬಾವು ಇಳಿಯಲಿಲ್ಲ. ಬೆರಳು ಮಡಚದಿದ್ದರೆ ಹೊಲಿಗೆಯಿಲ್ಲ. ಅವರಿಗೆ ಬೇರೆ ಕಸುಬೂ ಇಲ್ಲ.

ನೋಡಲು ಹೋದೆ. “ಮನೆ ನಿಮ್ದು, ಮೂಟೆ ನಿಮ್ದು. ಹೆಗ್ಗಣ ಮಾತ್ರ ನಂದಾ ಅಣ್ಣ?” ಎಂದರು.

ಅಲ್ಲಿಂದ ನೇರ ಹೋಗಿ, ತಪ್ಪು ಯಾರ ತಲೆಗೆ ಬರುತ್ತದೆಂದು ಪರಿಚಯದ ವಕೀಲರನ್ನು ಕೇಳಿದೆ.

“ತೂತು ಬಿದ್ದದ್ದು ನಿಮಗ ಮೊದಲ ಹೇಳಿದ್ರೇನ್ರಿ?”

“ಎರಡು ಸಲ ಹೇಳಿದ್ರು.”

“ನೀವೇನು ಮಾಡಿದ್ರಿ?”

“ಬೆಕ್ಕು ಸಾಕ್ರಿ ಅಂದೆ.”

ವಕೀಲರು ಕನ್ನಡಕ ತೆಗೆದು ಒರೆಸಿದರು. “ಆ ಬೆಕ್ಕಿನ ಮಾತು ಕೋರ್ಟಿನ್ಯಾಗ ಆಡಬ್ಯಾಡ್ರಿ.”

ಮಾರನೆಯ ದಿನ ಮೂಟೆಗಳನ್ನು ತೆಗೆಸಿದೆ. ಅಡಿಯಲ್ಲಿ ಹೆಗ್ಗಣದ ಗೂಡು. ಸುತ್ತ ನನ್ನ ನೀಲಿ ಚಿಂದಿ, ಒಳಗೆ ಅವರ ರಾಗಿ. ರಾಗಿಯ ಆಸೆಗೆ ಬಂದಿತೋ, ಚಿಂದಿಯ ಬಿಸುಪಿಗೋ? ಮೂಲೆ ಕೊಡಲು ಒಪ್ಪಿದವರು ಅವರು, ಕೇಳಿದವನು ನಾನು. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಷ್ಟು ಯೋಚಿಸಿದರೂ ತಪ್ಪಿನಲ್ಲಿ ನನ್ನ ಪಾಲು ಎಲ್ಲಿಗೆ ಮುಗಿಯುತ್ತದೆಂದು ತಿಳಿಯಲಿಲ್ಲ.

ಸಿಮೆಂಟು ಕಲಸಿ ತೂತು ಮುಚ್ಚಿಸಿದೆ. ಬೆರಳು ವಾಸಿಯಾಗುವವರೆಗೆ ಬಾಡಿಗೆ ಬೇಡ ಎಂದೆ.

“ಅಂದ್ರೆ ತಪ್ಪು ನಿಮ್ದೇ ಅಂತ ಒಪ್ಕಂಡಂಗಾ?”

“ನನಗ ಗೊತ್ತಾಗವಲ್ದು ಅಕ್ಕಾ,” ಎಂದೆ. ಯಾವ ಚೌಕಾಸಿಯಲ್ಲೂ ನಾನು ಆಡದ ಮಾತು ಅದು.

ಅವರು ಬೆರಳು ಮಡಚಲು ನೋಡಿದರು. ಅರ್ಧಕ್ಕೇ ನಿಂತಿತು.

“ಇದು ಪೂರ್ತಿ ಮಡಚ್ಲಿ ಅಣ್ಣ. ಆಮೇಲೆ ಮಾತಾಡಾಣ.”