ಗದ್ದೆಗೆ ಕಟ್ಟಿದ ಆಲ್ಬಮ್

ಚಿಕ್ಕಪ್ಪನ ಮೆಚ್ಚಿನ ಪ್ರೋಗ್ರೆಸಿವ್ ರಾಕ್ ತಂಡದ ಹಳೆಯ ಆಲ್ಬಮ್ ಬಿಡುಗಡೆಯಾದ ದಿನವಂತೆ ಇಂದು. ಅದರ ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿ ಕೊರಗಿದ್ದಾರೆ: "ನನ್ನ ಕ್ಯಾಸೆಟ್ ಎಲ್ಲಿ ಹೋತೋ!"

ನನಗೆ ಗೊತ್ತು.

ಕುಮಟೆಯ ಭಾಷಣ ಸ್ಪರ್ಧೆಯಲ್ಲಿ ನಾನು ಮೊದಲಿಗಳಾದಾಗ, ಅಪ್ಪ ಆ ಭಾಷಣವನ್ನು ಮನೆಯಲ್ಲಿ ಮತ್ತೆ ಹೇಳಿಸಿ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿದ್ದರು. ಕೊನೆಯಲ್ಲಿ ಅಜ್ಜನ "ಶಾಭಾಸ್ ತಂಗೀ" ಇತ್ತು. ಆ ಮಳೆಗಾಲದಲ್ಲೇ ಅಜ್ಜ ತೀರಿಕೊಂಡರು. ಚಿಕ್ಕಪ್ಪ ಅದೇ ಕ್ಯಾಸೆಟ್ಟಿನ ಮೇಲೆ ತಮ್ಮ ಆಲ್ಬಮನ್ನು ತುಂಬಿಸಿಕೊಂಡರು. ನಾನು ಅತ್ತರೆ ನಕ್ಕರು: "ಭಾಷಣ ಅಲ್ವನೇ? ಮತ್ತೊಂದ್ ಸಲ ಹೇಳು, ಆತು."

ನಾನು ಹೇಳಬಲ್ಲೆ, ಅಜ್ಜ ಹೇಳಬಲ್ಲರೇ? ತರಗತಿಯಲ್ಲಿ ಎಂದೂ ಎರಡನೆಯವಳಾಗದ ನಾನು ಇದರಲ್ಲೂ ಸೋಲುವವಳಲ್ಲ.

ಹಿರೇಗುತ್ತಿಯ ನಮ್ಮ ಗದ್ದೆಯಲ್ಲಿ ಭತ್ತ ಬಲಿತಾಗ, ಹಕ್ಕಿಗಳನ್ನು ಬೆದರಿಸಲು ಅಮ್ಮ ಹಳೆಯ ಕ್ಯಾಸೆಟ್ಟಿನ ಟೇಪು ಕಟ್ಟುತ್ತಿದ್ದರು. ಆ ವರ್ಷದ ಟೇಪನ್ನು ನಾನೇ ಬಿಚ್ಚಿಕೊಟ್ಟೆ. ಗೂಟದಿಂದ ಗೂಟಕ್ಕೆ ಬಿಗಿದ ಆಲ್ಬಮ್ ಗಾಳಿಗೆ ಗುಂಯ್‌ಗುಡುತ್ತಿತ್ತು. ಮನೆಯೆಲ್ಲ ಹುಡುಕಿ ಬೇಸತ್ತ ಚಿಕ್ಕಪ್ಪ ಗದ್ದೆಯಂಚಿನಲ್ಲಿ ನಿಂತು ಮೆಚ್ಚಿದರು: "ಎಂತಾ ಟೇಪೇ ಇದು! ಒಂದ್ ಹಕ್ಕಿನೂ ಬರ್ಲಿಲ್ಲ."

ಇಂದು ಅವರಿಗೆ ಎಲ್ಲವನ್ನೂ ಬರೆದು ಕಳುಹಿಸಿದೆ. ಕೊನೆಯ ಸಾಲು ಮಾತ್ರ ಅವರದೇ: "ಹಾಡೇ ಅಲ್ವಾ ಚಿಕ್ಕಪ್ಪ? ಮತ್ತೊಂದ್ ಸಲ ಕೇಳಿ, ಆತು."