ಬಿದಿರಿನ ಟ್ರ್ಯಾಕ್ಟರ್

ಚಾಚಾ ಅವರ ಹಿಮ್ಮಡಿಗಳು ಹಳೇ ಬಿಲ್ಡಿಂಗಿನ ಪ್ಲಾಸ್ಟರಿನಂತೆ ಬಿರುಕು ಬಿಟ್ಟಿದ್ದವು. ಆ ಬಿರುಕುಗಳಲ್ಲಿ ಐವತ್ತು ವರ್ಷದ ಗ್ರೀಸು ಕೂತು ಕಪ್ಪು ಗೆರೆಗಳಾಗಿತ್ತು. ಎಲ್ಲಿಯಾದರೂ ಮಷಿನ್ ಇಳಿಸುವ ಮಾತು ಬಂದರೆ ಅವರು ಮೊದಲು ಚಪ್ಪಲಿ ಬಿಡುತ್ತಿದ್ದರು. ಬರಿಗಾಲಿನಲ್ಲಿ ನೆಲಕ್ಕಿಳಿದು, ಬೀಡಿ ಆರಿಸುವವರಂತೆ ಹಿಮ್ಮಡಿಯನ್ನು ಮಣ್ಣಿನಲ್ಲಿ ಒತ್ತಿ ತಿರುಗಿಸುತ್ತಿದ್ದರು. ಮಣ್ಣು ಎಷ್ಟು ಸರಿಯಿತು, ಒಳಗೆ ನೀರು ಇದೆಯೇ, ಮೇಲೆ ಗಟ್ಟಿ ಕೆಳಗೆ ಪೊಳ್ಳೇ, ಎಲ್ಲ ಅದರಲ್ಲೇ ತಿಳಿಯುತ್ತಿತ್ತು. ‘ಇಲ್ಲಿ ಬ್ಯಾಡ’ ಎಂದರೆ ಬೇಡವೇ. ಇಪ್ಪತ್ತು ವರ್ಷದಲ್ಲಿ ಆ ಮಾತು ಸುಳ್ಳಾದದ್ದನ್ನು ನಾನು ನೋಡಿಲ್ಲ.

ಮುಂಬಯಿಯ ಜೋಗೇಶ್ವರಿಯಲ್ಲಿ ಎರಡು ಸಣ್ಣ ಕಾರ್ಖಾನೆಗಳ ಗೋಡೆಗಳ ನಡುವೆ ತಗಡು ಹೊದಿಸಿದ ಷೆಡ್ಡು ಅವರದು. ನೀರಿನ ಟ್ಯಾಂಕರ್ ಎಳೆಯುವ, ಒಡೆದ ಬಿಲ್ಡಿಂಗುಗಳ ಕಲ್ಲುಮಣ್ಣು ಹೊರುವ ಟ್ರ್ಯಾಕ್ಟರುಗಳೆಲ್ಲ ಕೆಟ್ಟಾಗ ಬಂದು ನಿಲ್ಲುತ್ತಿದ್ದುದು ಅಲ್ಲಿಯೇ. ಹುಟ್ಟೂರು ವಿಜಾಪುರದ ಕಡೆ. ಮನೆಯಲ್ಲಿ ದಖನಿ ಮಾತು, ನಮ್ಮಂಥವರ ಜೊತೆ ಕನ್ನಡ. ನಾನು ಕಾರ್ಕಳದ ಕಡೆಯವನು ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು ‘ಉಡುಪಿ’. ‘ಏ ಉಡುಪಿ, ಪಾನಾ ಹಿಡಿ ಇಲ್ಲಿ’ ಎಂದೇ ಸ್ಪ್ಯಾನರ್ ಚಾಚಿ ಕರೆಯುವುದು. ಕರಾವಳಿಯವರೆಲ್ಲ ಹೋಟೆಲಿನವರು, ಹೋಟೆಲಿನವರೆಲ್ಲ ಉಡುಪಿಯವರು ಎಂಬುದು ಅವರ ಲೆಕ್ಕ. ನಾನೂ ಈ ಊರಿಗೆ ಬಂದದ್ದು ಆರನೇ ಕ್ಲಾಸು ಬಿಟ್ಟು ಕ್ಯಾಂಟೀನಿನಲ್ಲಿ ಕಪ್ ತೊಳೆಯಲಿಕ್ಕೇ ಆದ್ದರಿಂದ ಜಗಳ ಮಾಡುವ ಹಾಗಿರಲಿಲ್ಲ.

ಆದರೆ ನಾನು ಕಪ್ ತೊಳೆಯುತ್ತಾ ಉಳಿದವನಲ್ಲ. ವಸತಿ ಸೊಸೈಟಿಗಳ ತೋಟ ಅಗೆದೆ, ಮಣ್ಣು ಹೊತ್ತೆ, ಗಟಾರ ತೆಗೆದೆ. ನನ್ನ ಕೈಕೆಳಗೆ ಆರು ಮಂದಿ ದುಡಿಯುವಷ್ಟಾದೆ. ಯಾರ ಶಿಫಾರಸೂ ಇಲ್ಲ, ಯಾರ ಹತ್ತಿರವೂ ಕೈ ಚಾಚಿದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಬಾಡಿಗೆ ಟ್ರ್ಯಾಕ್ಟರಿನ ಚಾಲಕರ ದಾರಿ ಕಾದು ಕಾದು ಸಾಕಾಗಿ, ಸ್ವಂತದ್ದೊಂದು ತೆಗೆದುಕೊಳ್ಳುವುದು ಎಂದು ನಿಶ್ಚಯಿಸಿದ್ದೆ.

ಆ ಹೊತ್ತಿಗೆ ಪವಾಯಿಯ ಒಂದು ಸೊಸೈಟಿಯಿಂದ ಕೆಲಸ ಬಂತು. ಗುಡ್ಡದ ಬುಡಕ್ಕೆ ಕಟ್ಟಿದ ಬಿಲ್ಡಿಂಗು. ಹಿಂದಿನ ಮಳೆಗಾಲ ಗುಡ್ಡದ ಮಣ್ಣು ಜಾರಿ ಹಿತ್ತಿಲ ಗಟಾರ ಮುಚ್ಚಿ, ನೀರು ತಳಮಹಡಿಯ ಮನೆಗಳಿಗೆ ನುಗ್ಗಿತ್ತು. ಸೊಸೈಟಿಯ ಕಾರ್ಯದರ್ಶಿ ಒಬ್ಬರು ಮರಾಠಿ ಹೆಂಗಸು, ಎಲ್ಲರೂ ‘ಬಾಯಿ’ ಎಂದು ಕರೆಯುವವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯೂ ತಳಮಹಡಿಯಲ್ಲೇ. ಗಂಡ ಲಕ್ವ ಹೊಡೆದು ಮಲಗಿದಲ್ಲೇ. ಹೋದ ವರ್ಷ ನಾಲ್ಕು ಜನ ಸೇರಿ ಅವರನ್ನು ಹಾಸಿಗೆಯ ಸಮೇತ ಎತ್ತಿ ಮೇಲಿನ ಮಹಡಿಗೆ ಒಯ್ದಿದ್ದರಂತೆ. ‘ಈ ಸಲ ಎತ್ತಿದರೆ ಅವರು ಬದುಕುವುದಿಲ್ಲ’ ಎಂದರು ಬಾಯಿ. ಹಿತ್ತಿಲಿಗೆ ಹೋಗುವ ಇಕ್ಕಟ್ಟಿನ ಓಣಿಯಲ್ಲಿ ಜೆಸಿಬಿ ಹೋಗುವುದಿಲ್ಲ, ತಲೆಹೊರೆಯಲ್ಲಿ ತೆಗೆದರೆ ಮಳೆಯ ಮೊದಲು ಮುಗಿಯುವುದಿಲ್ಲ. ‘ನನ್ನ ಟ್ರ್ಯಾಕ್ಟರ್ ತರುತ್ತೇನೆ, ಮಳೆಯ ಮೊದಲು ಗಟಾರ ತೆರೆದುಕೊಡುತ್ತೇನೆ’ ಎಂದು ಮಾತು ಕೊಟ್ಟುಬಿಟ್ಟೆ. ಟ್ರ್ಯಾಕ್ಟರ್ ಇನ್ನೂ ಅಂಗಡಿಯಲ್ಲೇ ಇತ್ತು.

ಅಂಗಡಿ ದಹಿಸರ್ ದಾಟಿ ಹೆದ್ದಾರಿಯ ಬದಿಯಲ್ಲಿ. ನನ್ನ ಕಣ್ಣು ಒಂದು ಕೆಂಪು ಟ್ರ್ಯಾಕ್ಟರಿನ ಮೇಲೆ ನಿಂತಿತ್ತು. ಐವತ್ತು ಎಚ್‌ಪಿ, ಎದೆಮಟ್ಟದ ಹಿಂದಿನ ಗಾಲಿ. ಅದರ ಮೇಲೆ ಕೂತು ಊರಿಗೊಂದು ಫೋಟೋ ಕಳಿಸುವುದನ್ನೂ ಯೋಚಿಸಿಟ್ಟಿದ್ದೆ. ಸೇಲ್ಸ್‌ಮನ್ ಟ್ರ್ಯಾಕ್ಟರಿನ ವಿವರದ ಇಂಗ್ಲಿಷ್ ಪುಸ್ತಕ ಕೊಟ್ಟ. ಓದಿದವನಂತೆ ಹಾಳೆ ಮಗುಚಿ, ‘ಠೀಕ್ ಹೈ’ ಎಂದೆ. ಎಂಜಿನ್ನಿನ ಸದ್ದು ಕೇಳಿ ಹೂಂ ಅನ್ನಲಿಕ್ಕೆ ಮಾತ್ರ ಚಾಚಾ ಅವರನ್ನು ಕರೆದುಕೊಂಡು ಹೋಗಿದ್ದೆ.

ಅವರು ಎಂಜಿನ್ ಚಾಲೂ ಮಾಡಲೇ ಇಲ್ಲ. ಸೀಟಿನ ಮೇಲೆ ಹತ್ತಿ ಕೂತು, ಸ್ಟೀರಿಂಗಿಗೆ ಬೆನ್ನು ಹಾಕಿ ತಿರುಗಿ ಹಿಂದಕ್ಕೆ ನೋಡತೊಡಗಿದರು. ಐದು ನಿಮಿಷ, ಹತ್ತು ನಿಮಿಷ.

‘ಚಾಚಾ, ಸ್ಟೀರಿಂಗ್ ಇಧರ್ ಹೈ’ ಎಂದು ಸೇಲ್ಸ್‌ಮನ್ ನಕ್ಕ.

ಚಾಚಾ ನನ್ನನ್ನು ಕೇಳಿದರು: ‘ಉಡುಪಿ, ಪವಾಯಿ ಜಾಗಾದಾಗ ಟ್ರ್ಯಾಕ್ಟರ್ ಹೊಳ್ಳಾಕ ಬರತೈತೇನು?’

‘ಇಲ್ಲ. ರಿವರ್ಸಿನಲ್ಲೇ ಹೊರಗೆ ಬರ್ಬೇಕು.’

‘ಅಂದ್ರ ಅರ್ಧಾ ದಿನ ನೀ ಹಿಂದ ನೋಡಾಂವ. ಇದರ ಮ್ಯಾಲ ಕುಂತ್ರ ಹಿಂದ ಗಾಲಿ ಬಿಟ್ಟು ಏನೂ ಕಾಣೂದಿಲ್ಲ. ಜಾಗಾ ಅಳದೀಯೇನು?’

‘ಅಳೀಲಿಕ್ಕೆ ಎಂತ ಉಂಟು ಚಾಚಾ? ಕಣ್ಣಿಲ್ವಾ ನನಗೆ?’

ಅವರು ಇಳಿದು, ನಾನು ಪಕ್ಕಕ್ಕಿಟ್ಟಿದ್ದ ಆ ಪುಸ್ತಕವನ್ನು ನನ್ನ ಕೈಗಿತ್ತರು. ‘ಇದರಾಗ ಅಗಲ ಎಷ್ಟ ಬರದಾರ, ಓದು.’

ನಾನು ಹಾಳೆ ತಿರುಗಿಸಿದೆ. ಮತ್ತೊಂದು ತಿರುಗಿಸಿದೆ. ಕಿವಿ ಬಿಸಿಯಾಯಿತು. ಚಾಚಾ ನನ್ನನ್ನೇ ನೋಡುತ್ತಿದ್ದರು. ಸೇಲ್ಸ್‌ಮನ್‌ಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು: ‘ನನಗೂ ಬರೂದಿಲ್ಲ ಬಿಡು. ನಾಳೆ ಬಿದಿರು ತಗೊಂಡು ಪವಾಯಿಗೆ ಬಾ.’

ಮರುದಿನ ಬೆಳಿಗ್ಗೆ ಸೊಸೈಟಿಯ ಗೇಟಿನಲ್ಲಿ ಅವರು ಮಾಡಿದ್ದನ್ನು ಇವತ್ತು ನೆನೆಸಿದರೂ ಮೈ ಜುಮ್ಮೆನ್ನುತ್ತದೆ. ಎರಡು ಉದ್ದ ಬಿದಿರು, ಎರಡು ಗಿಡ್ಡ ಬಿದಿರು. ಕಾತಿಹಗ್ಗದಿಂದ ಬಿಗಿದು ಆ ಕೆಂಪು ಟ್ರ್ಯಾಕ್ಟರಿನಷ್ಟೇ ಉದ್ದ ಅಗಲದ ಚೌಕಟ್ಟು. ಅಂಗಡಿಯಲ್ಲಿ ಅವರು ಗೇಣು ಹಾಕಿದ್ದನ್ನು ನಾನು ಗಮನಿಸಿರಲೇ ಇಲ್ಲ. ಸೀಟಿನ ಹಿಂದೆ ಇರುವ ಕಬ್ಬಿಣದ ಕಮಾನಿನ ಬದಲಿಗೆ ಒಂದು ಬಿದಿರನ್ನು ನೆಟ್ಟಗೆ ಕಟ್ಟಿದರು. ನನ್ನ ನಾಲ್ಕು ಆಳುಗಳನ್ನು ನಾಲ್ಕು ಮೂಲೆಗೆ ನಿಲ್ಲಿಸಿ, ‘ನೀವು ಗಾಲಿಗಳು’ ಎಂದರು. ತಾವು ನಡುವೆ ನಿಂತರು.

ವಾಚ್‌ಮನ್ ಕೇಳಿದ: ‘ಚಾಚಾ, ಏ ಕಿಸ್ಕಾ ಜನಾಜಾ ಹೈ?’

ಯಾರ ಹೆಣ ಹೊರಲು ಹೊರಟಿರಿ ಎಂಬ ಅವನ ಪ್ರಶ್ನೆಗೆ ಚಾಚಾ ನನ್ನ ಕಡೆ ಬೆರಳು ತೋರಿಸಿ, ‘ಇಸ್ಕೀ ಅಕಲ್ ಕಾ’, ಇವನ ಬುದ್ಧಿಯದು, ಎಂದರು. ಆಳುಗಳು ನಕ್ಕು ಬಿದಿರು ಬೀಳಿಸಿದರು. ಬಾಲ್ಕನಿಗಳಲ್ಲಿ ಮೊಬೈಲುಗಳು ಮೇಲೆದ್ದವು.

‘ಎಂತ ಚಾಚಾ ಇದು, ನನ್ನ ಮರ್ಯಾದೆ ಹೋಗ್ತದೆ ಮಾರಾಯ್ರೆ’ ಎಂದೆ.

‘ಬಿದಿರು ಸಿಕ್ಕೊಂಡ್ರ ಮರ್ಯಾದಿ ಅಷ್ಟ ಹೋಗತೈತಿ. ಟ್ರ್ಯಾಕ್ಟರ್ ಸಿಕ್ಕೊಂಡ್ರ ಮನಿ ಹೋಗತೈತಿ. ನಡೀರಿ.’

ಮೆರವಣಿಗೆ ಹೊರಟಿತು. ನೇರ ದಾರಿಯಲ್ಲಿ ಬಿದಿರು ಸಲೀಸಾಗಿ ಹೋಯಿತು. ನಾನು ಎದೆಯುಬ್ಬಿಸಿ, ನೋಡಿದಿರಾ ಎಂಬಂತೆ ಅವರ ಮುಖ ನೋಡಿದೆ. ಬಿಲ್ಡಿಂಗಿನ ಮೂಲೆಯಲ್ಲಿ, ಕೊಳವೆಗಳು ಇಳಿದುಬಂದಲ್ಲಿ, ತಿರುಗಬೇಕಾಯಿತು. ಹಿಂದಿನ ಇಬ್ಬರು ಆಳುಗಳು ಗೋಡೆಗೆ ತಾಗುತ್ತದೆ ಎಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

‘ನಕ್ಕೋ, ಬ್ಯಾಡ!’ ಎಂದು ಚಾಚಾ ಗದರಿದರು. ‘ಹಿಂದಿನ ಗಾಲಿ ಅಡ್ಡ ಸರಿಯೂದಿಲ್ಲ. ಅದೇನು ನಿಮ್ಮಂಗ ಸಂಭಾವಿತ ಅಲ್ಲ. ಮುಂದಿನವ್ರು ಅಷ್ಟ ತಿರುಗ್ರಿ.’

ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಹಿಂದಿನ ಮೂಲೆ ಕೊಳವೆಗೆ ಬಡಿಯಿತು. ಆ ಮೂಲೆಯಲ್ಲೇ ನೆಲದಲ್ಲಿ ಒಂದು ಒಳಚರಂಡಿ ಚೇಂಬರಿನ ಮುಚ್ಚಳವಿತ್ತು. ಚಾಚಾ ಅದರ ಮೇಲೆ ಬರಿಗಾಲಿನಲ್ಲಿ ನಿಂತು, ಸಲಾಕೆಯಿಂದ ಕುಟ್ಟಿ ಸದ್ದು ಕೇಳಿದರು. ‘ಉಡುಪಿ, ನಿನ್ನ ಕೆಂಪು ರಾಣಿ ಇದರ ಮ್ಯಾಲ ಬಂದ್ರ ಒಳಗ ಇಳಿದು ಜಳಕಾ ಮಾಡ್ತಾಳ.’

ಇದೇ ದಾರಿಯಲ್ಲಿ ನಾನು ಹತ್ತು ಸಲ ಓಡಾಡಿದ್ದೆ. ಎರಡೂ ಕಣ್ಣು ತೆರೆದುಕೊಂಡೇ ಓಡಾಡಿದ್ದೆ.

ಚಾಚಾ ಹಗ್ಗ ಬಿಚ್ಚಿದರು. ಉದ್ದದಲ್ಲೂ ಅಗಲದಲ್ಲೂ ಬಿದಿರನ್ನು ಒಂದು ಗೇಣು ಒಳಗೆ ತಂದು ಮತ್ತೆ ಕಟ್ಟಿದರು. ಹಾಯಲಿಲ್ಲ. ಮತ್ತೊಂದು ಗೇಣು. ಹೀಗೆ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಕೊನೆಗೆ ಮೂರೂವರೆ ಅಡಿ ಅಗಲದ ಚೌಕಟ್ಟು ತಿರುವಿನಲ್ಲಿ ನುಣ್ಣಗೆ ತಿರುಗಿತು. ಆದರೆ ನಿಲ್ಲಿಸಿದ ಬಿದಿರು ಮೇಲೆ ಠಕ್ಕೆಂದು ಬಡಿಯಿತು. ಬಾಯಿಯ ಅಡುಗೆಮನೆ ಕಿಟಕಿಯ ಗ್ರಿಲ್ಲು ಹೊರಗೆ ಚಾಚಿಕೊಂಡಿತ್ತು.

‘ಆ ಕಮಾನು ತೆಗೆದ್ರಾಯ್ತು’ ಎಂದೆ. ‘ಅದಿಲ್ಲದೆಯೂ ಓಡಿಸ್ತಾರೆ ಎಲ್ಲ.’

ಚಾಚಾ ಮೊದಲ ಬಾರಿಗೆ ನಿಜವಾಗಿ ಸಿಟ್ಟಾದರು. ‘ಗುಡ್ಡದ ಬುಡಕ ಮಷಿನ್ ಇಳಸ್ತೀ. ಪಲ್ಟಿ ಆತಂದ್ರ ನಿನ್ನ ತಲಿ ಕಾಯೂದು ಅದೊಂದ. ಅದರ ಕೆಳಗ ಕುಂತಾಂವ ಸಂಜೀಕ ಮನಿಗೆ ಬರ್ತಾನ. ಅದನ್ನ ತೆಗೀತೀ ಅಂದ್ರ ನಾ ಈಗ ಹೋದೆ.’

ಕಿಟಕಿಯಲ್ಲಿ ನಿಂತಿದ್ದ ಬಾಯಿಗೆ ಕನ್ನಡ ಬಾರದು. ಆದರೆ ಬಿದಿರು, ಗ್ರಿಲ್ಲು, ಚಾಚಾ ಅವರ ಮುಖ, ಮೂರೂ ಕಾಣುತ್ತಿದ್ದವು. ಒಳಗೆ ಗಂಡ ಮಲಗಿದ್ದ ಕಡೆ ಒಮ್ಮೆ ನೋಡಿ, ‘ಗ್ರಿಲ್ ಕಾಪಾ’ ಎಂದರು. ಕತ್ತರಿಸಿ ಎಂದು. ತಾವೇ ಗ್ರಿಲ್ಲಿನೊಳಗಿದ್ದ ತುಳಸಿಯ ಕುಂಡ ಎತ್ತಿ ಒಳಗಿಟ್ಟರು.

‘ಇಷ್ಟು ಸಣ್ಣ ಟ್ರ್ಯಾಕ್ಟರ್ ಎಲ್ಲಿ ಸಿಗ್ತದೆ ಚಾಚಾ?’ ಎಂದು ದಾರಿಯಲ್ಲಿ ಕೇಳಿದೆ.

‘ನಮ್ಮ ಕಡೆ ದ್ರಾಕ್ಷಿ ತ್ವಾಟದಾಗ ಅದ ಓಡಾಡೂದು. ಎರಡು ಸಾಲಿನ ನಡುವ ಹೊಕ್ಕು, ಒಂದು ಗೊನಿಗೆ ತಾಗಲಾರದ ಹೊರಗ ಬರತೈತಿ. ಈ ಮುಂಬಯಿ ಅಂದ್ರ ಏನ್ ತಿಳದೀ? ಬಿಲ್ಡಿಂಗ್ ಬೆಳದ ದ್ರಾಕ್ಷಿ ತ್ವಾಟ.’

ಆ ಚೌಕಟ್ಟನ್ನು ಟೆಂಪೊ ಮೇಲೆ ಹೊರಿಸಿಕೊಂಡು ಅಂಗಡಿಗೆ ಹೋದೆವು. ಚಾಚಾ ಅದನ್ನು ಸಣ್ಣ ಟ್ರ್ಯಾಕ್ಟರುಗಳ ಮೇಲೆ ಒಂದೊಂದಾಗಿ ಇಳಿಸಿ ನೋಡಿದರು, ಅಂಗಿಯ ಅಳತೆ ನೋಡುವ ದರ್ಜಿಯ ಹಾಗೆ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದಕ್ಕೆ ಸರಿಯಾಗಿ ಕೂತಿತು. ನಾಲ್ಕೂ ಗಾಲಿಗೆ ಶಕ್ತಿ ಹೋಗುವಂಥದ್ದೇ ಬೇಕು ಎಂದು ಮೊದಲೇ ಹೇಳಿದ್ದರು, ಅದೂ ಇತ್ತು. ಸೇಲ್ಸ್‌ಮನ್ ಮುಂದೆ ಕಟ್ಟಲು ಮಣ್ಣು ಎತ್ತುವ ದೊಡ್ಡ ಬಕೆಟ್ ತೋರಿಸಿದ. ‘ಸಣ್ಣ ಗಂಟಲಕ್ಕ ದೊಡ್ಡ ತುತ್ತು ಯಾಕ?’ ಎಂದು ಚಾಚಾ ಚಿಕ್ಕದನ್ನೇ ಆರಿಸಿದರು. ಆಮೇಲೆ ಅವನನ್ನು ಹಿಂದಿಯಲ್ಲಿ ಕೇಳಿದರು: ಮುಂದೆ ಮಣ್ಣು ಎತ್ತಿದಾಗ ಹಿಂದಿನ ಗಾಲಿ ಹಗುರಾಗುತ್ತದಲ್ಲ, ಹಿಂದೆ ಏನು ಕಟ್ಟುತ್ತೀರಿ? ಅವನು ಪುಸ್ತಕ ಮಗುಚಿದ. ಚಾಚಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ತಮ್ಮ ಷೆಡ್ಡಿನಲ್ಲಿ ಹಳೆಯ ಆಯಿಲ್ ಪೀಪಾಯಿಗೆ ಕಾಂಕ್ರೀಟು ತುಂಬಿ, ಹಿಂದೆ ತೂಗಿಸಲು ಕೊಂಡಿ ಬೆಸೆದು, ಅವರೇ ಭಾರ ಮಾಡಿಕೊಟ್ಟರು.

ಪವಾಯಿಗೆ ಮಷಿನ್ ಇಳಿಸಿದ ದಿನ ಆ ಮುಚ್ಚಳದ ಮೇಲೆ ದಪ್ಪ ಉಕ್ಕಿನ ಹಾಳೆ ಹಾಸಿದರು. ನಾನು ಸ್ಟೀರಿಂಗ್ ಹಿಡಿದೆ. ಚಾಚಾ ನನ್ನ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ, ‘ಆನೇ ದೇ, ಆನೇ ದೇ’, ಬರಲಿ ಬರಲಿ, ಎನ್ನುತ್ತಿದ್ದರು. ತಿರುವಿನಲ್ಲಿ ಗಾಲಿಗೂ ಕೊಳವೆಗೂ ನಾಲ್ಕು ಬೆರಳಿನ ಅಂತರ. ಅವರು ಗಾಲಿಯನ್ನು ನೋಡುತ್ತಲೇ ಇರಲಿಲ್ಲ, ಗೋಡೆಯನ್ನೂ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಅದು ಯಾಕೆ ಎಂದು ಚಹಾ ಕುಡಿಯುವಾಗ ಕೇಳಿದೆ.

‘ಗಾಲಿ ತಪ್ಪೂ ಮೊದಲ ಡ್ರೈವರನ ಮಾರಿ ತಪ್ಪತೈತಿ. ಗಾಲಿ ನೋಡಿದ್ರ ತಡಾ ಆಗಿರತೈತಿ.’

ಸಾವಿರ ಹಾಳೆಯ ಪುಸ್ತಕದಲ್ಲಿ ಈ ಮಾತು ಇರುತ್ತದೆಯೇ? ನನಗೆ ಗೊತ್ತಿಲ್ಲ. ಇರಲಿಕ್ಕಿಲ್ಲ ಎಂದೇ ನನ್ನ ನಂಬಿಕೆ. ಎಪ್ಪತ್ತು ದಾಟಿದ, ಒಂದು ಅಕ್ಷರ ಬಾರದ ಮನುಷ್ಯನ ಮುಂದೆ ಕೂತು ನಾನು ಅವತ್ತು ಚಹಾ ಆರಿಹೋಗುವವರೆಗೂ ಅವರನ್ನೇ ನೋಡುತ್ತಿದ್ದೆ.

ಹದಿನೆಂಟು ದಿನ ಕೆಲಸ ನಡೆಯಿತು. ಮೊದಲ ಹತ್ತು ದಿನ ಚಾಚಾ ಬೆಳಿಗ್ಗೆಯೇ ಬಂದು ಬಾಯಿಯ ಕಿಟಕಿಯ ಕೆಳಗೆ ನಿಲ್ಲುತ್ತಿದ್ದರು. ಒಳಗೆ ಮಲಗಿದ್ದ ಬಾಯಿಯ ಗಂಡನಿಗೆ ದಿನವಿಡೀ ಚಾಚಾ ಅವರ ದನಿ ಕೇಳುತ್ತಿತ್ತು. ಎಂಜಿನ್ ನಿಂತಾಗ ಒಳಗಿನಿಂದ ತೊದಲು ಮಾತಿನಲ್ಲಿ, ‘ಮ್ಹಾತಾರ‍್ಯಾ, ಆಜ್ ಕಿತೀ?’ ಎಂಬ ಪ್ರಶ್ನೆ ಬರುತ್ತಿತ್ತು. ಮುದುಕಾ, ಇವತ್ತು ಎಷ್ಟಾಯಿತು? ಚಾಚಾ ‘ದೋ ಹಾಥ್ ಔರ್, ಸಾಬ್’, ಇನ್ನೆರಡು ಮೊಳ, ಎಂದು ಕೂಗಿ ಹೇಳುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಹನ್ನೊಂದನೆಯ ದಿನದಿಂದ ಚಾಚಾ ಬರಲಿಲ್ಲ. ‘ಇನ್ನ ನಿನಗ ಗೊತ್ತೈತಿ, ನನಗ ಉಸರು ಸಾಲವಲ್ದು’ ಎಂದು ಫೋನು ಇಟ್ಟರು.

ಗಟಾರ ತೆರೆದು, ಅಂಚಿಗೆ ಕಲ್ಲು ಕಟ್ಟಿ ಮುಗಿಸಿದ ಮೂರನೆಯ ದಿನ ಅವರು ತಮ್ಮ ಷೆಡ್ಡಿನಲ್ಲಿ ಮಧ್ಯಾಹ್ನ ಕುರ್ಚಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಜೋಗೇಶ್ವರಿಯ ಎಷ್ಟೋ ಟ್ರ್ಯಾಕ್ಟರುಗಳು ಅಂದು ಹೊರಡಲಿಲ್ಲ. ನಾನೂ ಕಬರಸ್ತಾನಕ್ಕೆ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದೆ. ಅವರು ನನಗೆ ಕೃತಜ್ಞತೆ ಹೇಳುವ ಒಂದು ಸಂದರ್ಭವನ್ನೂ ಕೊಟ್ಟಿರಲಿಲ್ಲ. ನಾನು ಮಾತು ತೆಗೆದರೆ, ‘ಹೋಗ್ ಹೋಗ್, ಆಯಿಲ್ ನೋಡು’ ಎನ್ನುತ್ತಿದ್ದರು.

ಆ ವಾರವೇ ಮಳೆ ಹಿಡಿಯಿತು. ಒಂದು ಇಡೀ ದಿನ, ಇಡೀ ರಾತ್ರಿ. ಲೋಕಲ್ ರೈಲು ನಿಂತಿತ್ತು. ನಾನು ಬೆಳಿಗ್ಗೆ ನಡೆದು, ಸಿಕ್ಕ ಟೆಂಪೊ ಹತ್ತಿ, ಮತ್ತೆ ನಡೆದು ಪವಾಯಿ ಮುಟ್ಟಿದೆ. ನೇರ ಬಿಲ್ಡಿಂಗಿನ ಹಿಂದಕ್ಕೆ ಹೋದೆ. ಗುಡ್ಡದಿಂದ ಕೆಂಪು ನೀರು ಭೋರೆಂದು ಇಳಿದು, ಗಟಾರದೊಳಗೆ ತಿರುಗಿ, ಬಿಲ್ಡಿಂಗಿನ ಬುಡ ಮುಟ್ಟದೆ ರಸ್ತೆಯ ನಾಲೆಗೆ ಓಡುತ್ತಿತ್ತು. ಬಾಯಿಯ ಮನೆಯ ಹೊಸ್ತಿಲು ಒಣಗಿತ್ತು. ನಾನು ಅಲ್ಲಿಯೇ ಕುಕ್ಕರಿಸಿ, ಆ ಹೊಸ್ತಿಲನ್ನು ಕೈಯಿಂದ ಮುಟ್ಟಿ ನೋಡಿದೆ.

ಬಾಗಿಲು ತೆರೆದ ಬಾಯಿಗೆ ಚಾಚಾ ಹೋದ ಸುದ್ದಿ ಹೇಳಿದೆ. ಅವರು ಸೆರಗು ತಲೆಗೆಳೆದುಕೊಂಡರು. ಒಳಗೆ ಹೇಳಬೇಡಿ ಎಂದು ಕೈ ಸನ್ನೆ ಮಾಡಿದರು.

ಒಳಗಿನಿಂದ ಆ ತೊದಲು ದನಿ ಕೇಳಿತು: ‘ಕೋಣ್ ಆಹೇ? ಮ್ಹಾತಾರಾ ಆಲಾ ಕಾ?’

ಯಾರು, ಆ ಮುದುಕ ಬಂದನೇ?

ಬಾಯಿ ನನ್ನ ಮುಖ ನೋಡಿದರು. ನಾನು ಒದ್ದೆ ಕಾಲಿನಲ್ಲೇ ಹಾಸಿಗೆಯ ಹತ್ತಿರ ಹೋದೆ. ಹಾಸಿಗೆ, ನೆಲ, ಗೋಡೆ ಎಲ್ಲ ಒಣಗಿಯೇ ಇದ್ದವು. ಅವರ ಕೈ ಹಿಡಿದು, ‘ಇಲ್ಲ ಕಾಕಾ, ನೀರು ಬಂತೋ ಹೇಗೆ ನೋಡಿಕೊಂಡು ಬಾ ಎಂದು ಅವರೇ ನನ್ನನ್ನು ಕಳಿಸಿದರು’ ಎಂದೆ.